ಜಗಲಿಯ ಧರ್ಮ



ಉತ್ಸವಕಾಲದಲ್ಲಿ ಮಠಕ್ಕಾಗಲಿ ಗುಡಿಗಾಗಲಿ ಬಂದವರ ದೃಷ್ಟಿಯು ಸ್ವಾಭಾವಿಕವಾಗಿ ಶಿಖರದ ಕಡೆಗೂ ಗದ್ದುಗೆಯ ಕಡೆಗೂ ಹರಿಯುವುದು. ಆದರೆ ಒಳಕ್ಕೆ ಹೋಗುವ ಮುನ್ನ ಅವರು ಪಾದರಕ್ಷೆಗಳನ್ನು ಕಳಚಿ, ಹೆಗಲ ಗಂಟನ್ನು ಇಳಿಸಿ, ಬಿಸಿಲಿನಿಂದ ಬಂದ ಕಣ್ಣು ನೆರಳಿಗೆ ಹೊಂದುವವರೆಗೆ ಒಂದು ಗಳಿಗೆ ನಿಲ್ಲುವ ಸ್ಥಳವೊಂದುಂಟು. ಮೇಲೆ ಮಾಡಿರುವುದರಿಂದ ಅದು ಬಯಲಲ್ಲ. ಮುಂದೆ ಗೋಡೆಯಿಲ್ಲದಿರುವುದರಿಂದ ಅದು ಕೋಣೆಯೂ ಅಲ್ಲ. ಯಾರೂ ಅದಕ್ಕೆ ಕೈಮುಗಿಯುವುದಿಲ್ಲ. ಆದರೂ ಅದನ್ನು ದಾಟದೆ ಯಾರೂ ಒಳಗೆ ಬರಲಾರರು. ಗುಡಿಯಲ್ಲಿ ಅದು ಮುಖಮಂಟಪವೆನಿಸುವುದು, ಮನೆಯಲ್ಲಿ ಜಗಲಿಯೆನಿಸುವುದು. ಆ ಸ್ಥಳದ ಸ್ವರೂಪವೇನು, ಅದರಿಂದ ನಾಡಿಗೆ ಆದ ಉಪಕಾರವೇನು, ಅದರಲ್ಲಿ ಹೊಕ್ಕ ದೋಷವೇನು, ಇಂದಿನ ದಿನ ಅದರ ಗತಿ ಏನಾಗಿರುವುದು ಎಂಬುದೇ ಪ್ರಕೃತ ಉಪನ್ಯಾಸದ ವಿಷಯ.

ಮೊದಲು ಶಬ್ದಗಳನ್ನು ನೋಡತಕ್ಕದ್ದು. ಅಮರಸಿಂಹನು ತನ್ನ ಕೋಶದ ಪುರವರ್ಗದಲ್ಲಿ ಪ್ರಘಾಣ, ಪ್ರಘಣ, ಅಲಿಂದ ಎಂಬ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಕೊಟ್ಟಿರುವನು. ಹೊರಬಾಗಿಲ ಬಳಿಯ ಸಾಲೆಯೆಂಬುದೇ ಅವುಗಳ ತಾತ್ಪರ್ಯ. ಹೊಸ್ತಿಲಿಗೆ ದೇಹಲೀ ಎಂಬುದು ಬೇರೆಯೇ ಪದ. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಮನೆಗಳ ಜಾತಿಗಳನ್ನು ವಿಂಗಡಿಸುವಾಗ ಅಲಿಂದಗಳ ವಿನ್ಯಾಸವನ್ನೇ ಮುಖ್ಯ ಲಕ್ಷಣವಾಗಿ ಹಿಡಿದಿರುವನು. ನಾಲ್ಕು ದಿಕ್ಕುಗಳಲ್ಲಿಯೂ ಬಾಗಿಲುಗಳಿದ್ದು, ಸುತ್ತಲೂ ಅಲಿಂದವು ಎಲ್ಲಿಯೂ ಕಡಿಯದೆ ಹರಿದಿರುವ ಕಟ್ಟಡಕ್ಕೆ ಸರ್ವತೋಭದ್ರವೆಂದು ಹೆಸರು. ಕನ್ನಡವಂತೂ ಈ ವಿಷಯದಲ್ಲಿ ಬಡವಾದುದಲ್ಲ. ಜಗಲಿ, ಪಡಸಾಲೆ, ಮೊಗಸಾಲೆ, ಕಟ್ಟೆ, ಚಾವಡಿ, ಹಜಾರ ಎಂದು ಸೀಮೆಗೊಂದು ಹೆಸರುಂಟು. ಇವುಗಳಲ್ಲಿ ಮೊಗಸಾಲೆಯು ಮುಖಶಾಲೆಯ ತದ್ಭವವು. ಮುಖಮಂಟಪವೆಂಬಲ್ಲಿಯೂ ಇರುವುದು ಅದೇ ಮುಖಶಬ್ದ. ಕಟ್ಟಡಕ್ಕೆ ಒಂದು ಮೋರೆಯುಂಟು, ಆ ಮೋರೆಯೇ ಜಗಲಿ ಎಂದು ಹಿರಿಯರು ತಿಳಿದಿದ್ದರೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

ಶಾಸ್ತ್ರಾಭ್ಯಾಸ ಮಾಡಿದವರೆಲ್ಲರಿಗೂ ದೇಹಲೀದೀಪನ್ಯಾಯವು ಪರಿಚಿತವಾದುದೇ. ವಾಕ್ಯದ ನಡುವಣ ಒಂದು ಪದವು ಹಿಂದಿನದಕ್ಕೂ ಮುಂದಿನದಕ್ಕೂ ಅನ್ವಯಿಸುವುದಾದರೆ, ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಯನ್ನೂ ಹೊರಬೀದಿಯನ್ನೂ ಒಮ್ಮೆಲೇ ಬೆಳಗುವಂತೆ ಎಂದು ದೃಷ್ಟಾಂತ ಕೊಡುವರು. ಜಗಲಿಗೂ ಈ ನ್ಯಾಯವೇ ಸಲ್ಲುವುದು. ಮನೆಯ ಉಳಿದ ಭಾಗಗಳನ್ನೆಲ್ಲ ಯಜಮಾನನು ತನಗಾಗಿ ಕಟ್ಟಿಸುವನು: ಅಡುಗೆಮನೆ ತನ್ನವರ ಊಟಕ್ಕೆ, ಕಣಜ ತನ್ನ ಕಾಳಿಗೆ, ಕೋಣೆ ತನ್ನ ನಿದ್ರೆಗೆ. ಜಗಲಿಯನ್ನಾದರೋ ತನ್ನ ನೆಲದಲ್ಲಿ, ತನ್ನ ದ್ರವ್ಯದಿಂದ ಕಟ್ಟಿಸಿಯೂ ಅದರ ಅರ್ಧವನ್ನು ಬೀದಿಗೆ ಬಿಟ್ಟುಕೊಡುವನು. ತನ್ನದಾದುದರಲ್ಲಿ ಪರರಿಗೆಂದು ಮೊದಲೇ ಎತ್ತಿಟ್ಟ ಪಾಲು ಇದು. ಜಗಲಿಯ ಧರ್ಮವೆಂದರೆ ಇಷ್ಟೇ. ಮುಂದೆ ಹೇಳತಕ್ಕುದೆಲ್ಲವೂ ಇದರ ವಿಸ್ತಾರವು.

ಈ ಬಿಟ್ಟುಕೊಡುವಿಕೆಯು ಕೇವಲ ಔದಾರ್ಯದಿಂದ ಹುಟ್ಟಿತೆಂದು ಹೇಳಿದರೆ ಸತ್ಯವಾಗಲಾರದು. ಮಳೆ ಬಿಸಿಲುಗಳೇ ಅದರ ಮೊದಲ ಗುರುಗಳು. ಸಹ್ಯಾದ್ರಿಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೭೬೦೦ ಮಿಲಿಮೀಟರು ಮಳೆಯಾಗುವುದು. ಅಂತಹ ನಾಡಿನಲ್ಲಿ ಮಣ್ಣಿನ ಗೋಡೆಗೆ ನೇರವಾಗಿ ಮಳೆ ಬಡಿದರೆ ಅದು ಬಹುಕಾಲ ಬಾಳಲಾರದು. ಆದುದರಿಂದ ಮಲೆನಾಡಿನವರು ಮಾಡನ್ನು ಇಳಿಜಾರಾಗಿ ಮುಂದಕ್ಕೆ ಚಾಚಿ, ಅದರ ಅಂಚನ್ನು ಕಂಬಗಳ ಮೇಲೆ ನಿಲ್ಲಿಸಿ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದೆ ಅಂಗಳಕ್ಕೆ ಬೀಳುವಂತೆ ಮಾಡಿದರು. ಗೋಡೆಯ ರಕ್ಷಣೆಗಾಗಿ ಚಾಚಿದ ಮಾಡಿನ ಕೆಳಗೆ ದೊರೆತ ಒಣ ನೆಲವೇ ಜಗಲಿಯಾಯಿತು. ಅಡಿಕೆ ಸುಲಿಯುವುದು, ಹಗ್ಗ ಹೊಸೆಯುವುದು, ಬಂದವರನ್ನು ಕುಳ್ಳಿರಿಸುವುದು, ಎಲ್ಲವೂ ಮಳೆಗಾಲದ ನಾಲ್ಕು ತಿಂಗಳು ಅಲ್ಲಿಯೇ ನಡೆಯಬೇಕು. ಮೊದಲು ಹುಲ್ಲು ಸೋಗೆಗಳೂ ಕುಂಬಾರನ ನಾಡಹೆಂಚೂ ಹೊದಿಕೆಯಾಗಿದ್ದುವು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಮಂಗಳೂರು ಹೆಂಚು ಊರೂರಿಗೆ ಹಬ್ಬಿತು. ಹೊದಿಕೆ ಬದಲಾದರೂ ಜಗಲಿಯು ಬದಲಾಗಲಿಲ್ಲ.

ಬಯಲುಸೀಮೆಯಲ್ಲಿ ಮಳೆಗಿಂತಲೂ ಬಿಸಿಲಿನ ಭಯವೇ ಹೆಚ್ಚು. ವಿಜಯಪುರ, ರಾಯಚೂರು, ಕಲಬುರಗಿಗಳ ಕಡೆಯ ಹಳೆಯ ಮನೆಗಳಿಗೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ. ತಲೆಬಾಗಿಲ ಎರಡು ಕಡೆಗೆ ಕಲ್ಲಿನ ಕಟ್ಟೆ, ಅದರ ಮೇಲೆ ಮುಂಚಾಚು. ಧಾರವಾಡವು ಉತ್ತರ ಅಕ್ಷಾಂಶದ ಸುಮಾರು ಹದಿನೈದೂವರೆ ಅಂಶದಲ್ಲಿರುವುದು. ಮೇ ತಿಂಗಳ ಮೊದಲಲ್ಲಿ ಅಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆ ನಿಲ್ಲುವುದರಿಂದ ಸಣ್ಣ ಮುಂಚಾಚು ಸಹ ಕಟ್ಟೆಗೆ ಪೂರ್ಣ ನೆರಳನ್ನು ಕೊಡುವುದು. ಡಿಸೆಂಬರದ ಕಡೆಯಲ್ಲಿ ಅದೇ ಸೂರ್ಯನು ದಕ್ಷಿಣಕ್ಕೆ ವಾಲಿ ದಿಗಂತದಿಂದ ಸುಮಾರು ೫೧ ಅಂಶದಷ್ಟೇ ಏರುವನು. ಆಗ ದಕ್ಷಿಣಾಭಿಮುಖವಾದ ಕಟ್ಟೆಯ ಮೇಲೆ ಕುಳಿತ ಮುದುಕರ ಕಾಲಿಗೆ ಎಳೆಬಿಸಿಲು ತಾಗುವುದು. ಬೇಸಗೆಯಲ್ಲಿ ಬಿಸಿಲನ್ನು ತಡೆದು ಚಳಿಯಲ್ಲಿ ಅದನ್ನೇ ಒಳಗೆ ಬಿಟ್ಟುಕೊಳ್ಳುವ ಈ ಯುಕ್ತಿಗೆ ಯಂತ್ರವೂ ಬೇಡ, ಎಣ್ಣೆಯೂ ಬೇಡ. ಋತುವನ್ನರಿತ ಉಪ್ಪಾರನ ಕಣ್ಣಳತೆಯೊಂದೇ ಸಾಕಾಗಿತ್ತು.

ಮನೆಯ ಜಗಲಿಯು ಮಣ್ಣು ಮರಗಳಿಂದಾದುದರಿಂದ ಅದರ ಪ್ರಾಚೀನರೂಪವು ಉಳಿದಿಲ್ಲ. ಕಲ್ಲಿನಲ್ಲಿ ಉಳಿದಿರುವುದನ್ನು ನೋಡಬೇಕಾದರೆ ಮಲಪ್ರಭೆಯ ಕೊಳ್ಳಕ್ಕೆ ಹೋಗತಕ್ಕದ್ದು. ಬಾದಾಮಿಯ ಮೂರನೆಯ ಗುಹಾಲಯವು ಚಾಲುಕ್ಯ ಮಂಗಲೇಶನು ಮಾಡಿಸಿದುದು. ಅಲ್ಲಿಯ ಶಾಸನದಲ್ಲಿ ಶಕವರ್ಷ ೫೦೦, ಅಂದರೆ ಕ್ರಿ. ಶ. ೫೭೮, ಎಂದು ಕಾಲನಿರ್ದೇಶವಿರುವುದು. ಬಂಡೆಯನ್ನು ಕೊರೆದು ಮಾಡಿದ ಆ ಗುಡಿಯಲ್ಲಿಯೂ ಮುಂದೆ ಮೊಗಸಾಲೆ, ಅದರಾಚೆ ಸಭಾಮಂಟಪ, ಕೊನೆಗೆ ಗರ್ಭಗೃಹ ಎಂಬ ಕ್ರಮವನ್ನು ಬಿಡಲಿಲ್ಲ. ಮಳೆಯಿಂದ ಬಂಡೆಯನ್ನು ಕಾಯುವ ಅಗತ್ಯವಿಲ್ಲದಿದ್ದರೂ ಮೊಗಸಾಲೆಯನ್ನು ಕೊರೆದರೆಂದರೆ, ಅಷ್ಟು ಹೊತ್ತಿಗಾಗಲೇ ಅದು ಕಟ್ಟಡದ ಅಂಗವಾಗಿ ನೆಲೆನಿಂತಿತ್ತೆಂದು ತಿಳಿಯಬೇಕು. ಇನ್ನೊಂದು ವಿಶೇಷವುಂಟು. ಶೇಷನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ, ತ್ರಿವಿಕ್ರಮ, ಹರಿಹರ ಮುಂತಾದ ಮಹಾಮೂರ್ತಿಗಳೆಲ್ಲ ಇರುವುದು ಒಳಗಲ್ಲ, ಈ ಮೊಗಸಾಲೆಯಲ್ಲಿ. ಶಿಲ್ಪಿಯು ತನ್ನ ಅತ್ಯುತ್ತಮವಾದ ಕೆಲಸವನ್ನು ಹಗಲ ಬೆಳಕು ಬೀಳುವ ಕಡೆಯಲ್ಲಿ, ಹಾದು ಬಂದವರೆಲ್ಲರೂ ಕಾಣುವಲ್ಲಿ ಇರಿಸಿದನು.

ಅಲ್ಲಿಂದ ಐಹೊಳೆಗೆ ಬಂದರೆ ಲಾಡಖಾನನ ಗುಡಿಯೆಂಬುದೊಂದು ಕಾಣುವುದು. ಒಂದು ಕಾಲಕ್ಕೆ ಅದರಲ್ಲಿ ವಾಸವಾಗಿದ್ದವನೊಬ್ಬನ ಹೆಸರು ಅದಕ್ಕೆ ಅಂಟಿಕೊಂಡಿತು. ಹಿಂದಿನ ವಿದ್ವಾಂಸರು ಅದನ್ನು ಐದನೆಯ ಶತಮಾನದ್ದೆಂದು ಎಣಿಸಿದ್ದರು. ಈಗ ಏಳು ಎಂಟನೆಯ ಶತಮಾನದ್ದೆಂದು ಬಹುಮಂದಿ ಒಪ್ಪಿರುವರು. ಅದರ ಮಾಳಿಗೆಯ ಚಪ್ಪಡಿಗಳ ಸಂದುಗಳನ್ನು ಮರದ ತೊಲೆಗಳಂತೆಯೇ ಕಡೆದ ಉದ್ದುದ್ದವಾದ ಕಲ್ಲುಗಳಿಂದ ಮುಚ್ಚಿರುವುದನ್ನು ನೋಡಿದರೆ, ಹಳ್ಳಿಯ ಮರದ ಮನೆಯೇ ಕಲ್ಲಾಗಿ ನಿಂತಂತೆ ತೋರುವುದು. ಅದರ ಮುಖಮಂಟಪದ ಅಂಚಿಗೆ ಒರಗುವ ಕಲ್ಲಾಸನಗಳನ್ನು ಮಾಡಿರುವರು. ಶಿಲ್ಪಶಾಸ್ತ್ರದಲ್ಲಿ ಅವಕ್ಕೆ ಕಕ್ಷಾಸನವೆಂದು ಹೆಸರು. ದೇವರ ಗುಡಿಯಲ್ಲಿ ಮನುಷ್ಯನು ಬೆನ್ನೊರಗಿಸಿ ಕುಳ್ಳಿರುವುದಕ್ಕೆ ಕಲ್ಲಿನ ಆಸನವೆಂದರೆ, ಬಂದವನ ದಣಿವನ್ನು ಆ ಶಿಲ್ಪಿಯು ಎಣಿಕೆಗೆ ತಂದುಕೊಂಡಿದ್ದನೆಂದೇ ಅರ್ಥ. ಸಮೀಪದ ದುರ್ಗದ ಗುಡಿಗೆ ಆ ಹೆಸರು ಬಂದುದು ದುರ್ಗಾದೇವಿಯಿಂದಲ್ಲ, ಅದಕ್ಕೆ ಹೊಂದಿದ್ದ ಕೋಟೆಯಿಂದ. ಅಲ್ಲಿ ಮುಖಮಂಟಪವು ಮುಂದೆ ಮಾತ್ರ ನಿಲ್ಲದೆ ಕಂಬಗಳ ಸಾಲಾಗಿ ಗಜಪೃಷ್ಠಾಕಾರದ ಗುಡಿಯನ್ನೆಲ್ಲ ಸುತ್ತಿಕೊಂಡಿರುವುದು. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯು ತನ್ನ ಪತಿಯಾದ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣಾರ್ಥವಾಗಿ ಸುಮಾರು ೭೪೦ರಲ್ಲಿ ಕಟ್ಟಿಸಿದ ವಿರೂಪಾಕ್ಷಾಲಯಕ್ಕೆ ಪೂರ್ವ, ಉತ್ತರ, ದಕ್ಷಿಣಗಳೆಂಬ ಮೂರು ದಿಕ್ಕುಗಳಲ್ಲಿಯೂ ಮುಖಮಂಟಪಗಳುಂಟು. ಯಾವ ಕಡೆಯಿಂದ ಬಂದವನಿಗೂ ಮೊದಲು ನೆರಳು, ಆಮೇಲೆ ದೇವರು.

ಆ ಕಂಚಿಯ ವಿಜಯದ ಪ್ರಸಂಗದಲ್ಲಿಯೇ ಮಂಟಪಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸತಕ್ಕದ್ದು. ವಿಕ್ರಮಾದಿತ್ಯನು ಪಲ್ಲವರ ರಾಜಧಾನಿಯನ್ನು ಹೊಕ್ಕಾಗ ಅಲ್ಲಿಯ ರಾಜಸಿಂಹೇಶ್ವರ, ಅಂದರೆ ಇಂದಿನ ಕೈಲಾಸನಾಥ, ದೇವಾಲಯದ ಐಶ್ವರ್ಯವನ್ನು ಕಂಡು ಅದನ್ನು ಕೊಳ್ಳೆಹೊಡೆಯದೆ ದೇವರಿಗೇ ಮರಳಿ ಬಿಟ್ಟನು. ಈ ವಿಷಯವನ್ನು ತಿಳಿಸುವ ಕನ್ನಡ ಶಾಸನವು ಆ ಗುಡಿಯ ಮುಂದಣ ಮಂಟಪದ ಕಂಬದ ಮೇಲೆ ಇಂದಿಗೂ ಇರುವುದು. ಮಂಟಪದ ಕಂಬದಲ್ಲಿ ಬರೆದ ಮಾತಿಗೆ ಬರುವವರೆಲ್ಲರೂ ಸಾಕ್ಷಿಗಳು. ನಮ್ಮ ನಾಡಿನ ದಾನಶಾಸನಗಳಲ್ಲಿ ಎಷ್ಟೋ ಮಂಟಪಗಳಲ್ಲಿಯೂ ಮಹಾದ್ವಾರಗಳಲ್ಲಿಯೂ ಇರುವುದಕ್ಕೆ ಇದೇ ಕಾರಣ. ೧೨೬೮ರಲ್ಲಿ ಸೋಮನಾಥ ದಂಡನಾಯಕನು ಸೋಮನಾಥಪುರದ ಕೇಶವಾಲಯವನ್ನು ಪ್ರತಿಷ್ಠಿಸಿದಾಗ ಅದರ ಶಾಸನಶಿಲೆಯನ್ನು ಮಹಾದ್ವಾರದಲ್ಲಿಯೇ ನಿಲ್ಲಿಸಿದರು. ೧೫೦೯-೧೦ರ ಸುಮಾರಿಗೆ ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಹಂಪೆಯ ವಿರೂಪಾಕ್ಷನಿಗೆ ರಂಗಮಂಟಪವನ್ನು ಮಾಡಿಸಿದುದನ್ನು ತಿಳಿಸುವ ಶಾಸನವೂ ಆ ಮಂಟಪದ ಮುಂದೆಯೇ ಉಂಟು. ಕೊಟ್ಟ ಮಾತನ್ನು ಕತ್ತಲಲ್ಲಿಡದೆ ಜಗಲಿಯಲ್ಲಿಡುವುದು ಪೂರ್ವಿಕರ ಪದ್ಧತಿ.

ತೆರೆದುದನ್ನು ಮುಚ್ಚುವ ಪ್ರವೃತ್ತಿಯೂ ಹೊಸದಲ್ಲ. ಬೇಲೂರಿನ ಚೆನ್ನಕೇಶವಾಲಯವನ್ನು ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠಿಸಿದಾಗ ಅದರ ನವರಂಗವು ಸುತ್ತಲೂ ತೆರೆದ ಮಂಟಪವಾಗಿತ್ತು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಗೋಡೆಯನ್ನೂ ಕಲ್ಲಿನ ಜಾಲಂಧ್ರಗಳನ್ನೂ ಸೇರಿಸಿದರು. ಜಾಲಂಧ್ರಗಳ ಕುಸುರಿಯು ಅತ್ಯಂತ ಮನೋಹರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಳಗಣ ಕಂಬಗಳ ಕೆತ್ತನೆಯನ್ನು ನೋಡಬೇಕಾದರೆ ಇಂದು ದೀಪದ ಸಹಾಯ ಬೇಕಾಗುವುದು. ಭದ್ರತೆಗೆಂದು ಮುಚ್ಚಿದ್ದರಿಂದ ಬೆಳಕಿನಲ್ಲಿ ಒಂದು ಪಾಲು ಹೊರಗೆ ಉಳಿಯಿತು. ಈ ದೃಷ್ಟಾಂತವು ಮುಂದೆ ಉಪಯೋಗಕ್ಕೆ ಬರುವುದರಿಂದ ನೆನಪಿನಲ್ಲಿರಲಿ.

ಇನ್ನು ವಿದ್ಯೆಗೂ ಜಗಲಿಗೂ ಇರುವ ಸಂಬಂಧವನ್ನು ಹೇಳತಕ್ಕದ್ದು. ಸರಕಾರದ ಶಾಲೆಗಳು ಹುಟ್ಟುವ ಪೂರ್ವದಲ್ಲಿ ಅಕ್ಷರಾಭ್ಯಾಸವು ಐಗಳ ಮನೆಯ ಜಗಲಿಯಲ್ಲಿ, ಮಠದ ಪಡಸಾಲೆಯಲ್ಲಿ, ಗುಡಿಯ ಮಂಟಪದಲ್ಲಿ ನಡೆಯುತ್ತಿದ್ದಿತು. ೧೮೨೨ರಲ್ಲಿ ಮದ್ರಾಸಿನ ಗವರ್ನರನಾಗಿದ್ದ ಮನ್ರೋ ಎಂಬವನು ದೇಶೀಯ ಶಾಲೆಗಳ ವಿಷಯವಾಗಿ ವಿಚಾರಣೆಯನ್ನು ಆರಂಭಿಸಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರನಾದ ಕ್ಯಾಂಬೆಲ್ಲನು ೧೮೨೩ರಲ್ಲಿ ಬರೆದ ವರದಿಯು ಇಂದಿಗೂ ಓದತಕ್ಕುದಾಗಿದೆ. ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ಅವುಗಳಲ್ಲಿ ೬೬೪೧ ವಿದ್ಯಾರ್ಥಿಗಳೂ ಇದ್ದರು. ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು. ಮಕ್ಕಳು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದನ್ನೂ ಅವನು ವರ್ಣಿಸಿರುವನು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲವೆಂದು ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರಿಕೆ. ಜನರ ಬಡತನದಿಂದ ಮೊದಲು ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಆಗ ಶಾಲೆಯಿಲ್ಲದಂತಾಗಿತ್ತೆಂದೂ ಅವನು ಮರೆಮಾಚದೆ ಬರೆದನು.

ಇಂತಹ ಶಾಲೆಗಳಿಗೆ ಆಂಗ್ಲರು ‘ಪಯಲ್ ಶಾಲೆ’ ಎಂದರು. ಪಯಲ್ ಎಂಬುದು ಕಟ್ಟೆಯೆಂಬ ಅರ್ಥದ ಪೋರ್ತುಗೀಸ ಶಬ್ದದಿಂದ ಬಂದುದು. ಆದುದರಿಂದ ಆ ಹೆಸರಿನ ಅರ್ಥವೂ ‘ಜಗಲಿಯ ಶಾಲೆ’ ಎಂದೇ. ಈ ನಾಡಿನಲ್ಲಿ ಮಾತ್ರ ಹೀಗಾಯಿತೆಂದು ತಿಳಿಯಬಾರದು. ಯವನದೇಶದ ಅಥೆನ್ಸಿನಲ್ಲಿ ಕ್ರಿಸ್ತಪೂರ್ವ ೩೦೦ರ ಸುಮಾರಿಗೆ ಜೀನೋ ಎಂಬ ತತ್ತ್ವಜ್ಞಾನಿಯು ಪೇಟೆಯ ಬದಿಯ ಚಿತ್ರಿತವಾದ ಮೊಗಸಾಲೆಯೊಂದರಲ್ಲಿ ಉಪದೇಶ ಮಾಡುತ್ತಿದ್ದನು. ಅಂತಹ ಕಂಬಸಾಲೆಗೆ ಅವರ ಭಾಷೆಯಲ್ಲಿ ಸ್ತೋವಾ ಎಂದು ಹೆಸರು. ಅದರಿಂದಲೇ ಅವನ ಸಂಪ್ರದಾಯಕ್ಕೆ ಸ್ತೋಯಿಕ ಎಂಬ ಹೆಸರಾಯಿತು. ಗುರುವಿನ ಹೆಸರಿನಿಂದಲ್ಲದೆ ಜಗಲಿಯ ಹೆಸರಿನಿಂದ ಪ್ರಸಿದ್ಧವಾದ ದರ್ಶನವಿದು. ಬಾಗಿಲು ಹಾಕಿಕೊಂಡು ಹೇಳುವ ವಿದ್ಯೆಯನ್ನು ಕರೆದವರಷ್ಟೇ ಕೇಳುವರು. ಜಗಲಿಯಲ್ಲಿ ಹೇಳುವ ವಿದ್ಯೆಯಾದರೋ ಹಾದಿಯಲ್ಲಿ ಹೋಗುವವನ ಕಿವಿಗೂ ಬೀಳುವುದು. ತಪ್ಪು ಹೇಳಿದರೆ ಅವನೂ ನಿಂತು ಕೇಳಿಯಾನೆಂಬ ಎಚ್ಚರವು ಹೇಳುವವನಿಗಿರುವುದು.

ವಿದ್ಯೆಯಂತೆಯೇ ಅನ್ನ, ನೀರು, ನ್ಯಾಯಗಳಿಗೂ ಜಗಲಿಯು ಸ್ಥಾನವಾಗಿದ್ದಿತು. ಸಂತೆಗೆ ಹೋಗುವವನು ಗುರುತಿಲ್ಲದ ಊರಿನಲ್ಲಿ ರಾತ್ರಿಯಾದರೆ ಯಾರದಾದರೂ ಜಗಲಿಯಲ್ಲಿ ಕಂಬಳಿ ಹಾಸುವನು. ಅದಕ್ಕೆ ಅಪ್ಪಣೆ ಕೇಳುವ ರೂಢಿಯೇ ಇರಲಿಲ್ಲ. ಬೇಸಗೆಯಲ್ಲಿ ಅರವಟ್ಟಿಗೆಯ ಮಡಕೆಯನ್ನು ಇಡುತ್ತಿದ್ದುದು ಅಲ್ಲಿಯೇ. ಜಂಗಮರು, ದಾಸರು, ಫಕೀರರು, ಕಿನ್ನರಿ ಜೋಗಿಗಳು, ಬಳೆಗಾರರು ಮೊದಲು ಕುಳ್ಳಿರುತ್ತಿದ್ದುದೂ ಅಲ್ಲಿಯೇ. ಅಣ್ಣತಮ್ಮಂದಿರ ಪಾಲಿನ ಜಗಳ ಬಂದರೆ ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸುವರು. ನಾಲ್ಕು ಜನರ ಕಣ್ಣೆದುರು ಆಡಿದ ಮಾತಾದುದರಿಂದ ಯಾರೂ ಸುಲಭವಾಗಿ ತಪ್ಪುತ್ತಿರಲಿಲ್ಲ. ಮಠಗಳ ದಾಸೋಹವೆಂಬುದು ಈ ಜಗಲಿಯ ಧರ್ಮವೇ ವಿಸ್ತಾರವಾಗಿ ಬೆಳೆದುದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು: ಬಂದವನ ಹೆಸರನ್ನು ಕೇಳುವ ಮುನ್ನ ಅವನ ಹಸಿವನ್ನು ಕೇಳಬೇಕೆಂಬುದೇ ಎರಡರ ನಿಯಮವೂ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವನ್ನು ಹೇಳಿದಂತಾಗುವುದು. ಬರಮಾಡಿಕೊಳ್ಳುವ ಸ್ಥಳವೇ ತಡೆದು ನಿಲ್ಲಿಸುವ ಸ್ಥಳವೂ ಆಯಿತೆಂಬುದನ್ನು ನಿಷ್ಪಕ್ಷಪಾತವಾಗಿ ಒಪ್ಪಿಕೊಳ್ಳತಕ್ಕದ್ದು. ಜಗಲಿಗೆ ಮೆಟ್ಟಿಲುಗಳುಂಟಷ್ಟೆ, ಯಾರು ಯಾವ ಮೆಟ್ಟಿಲವರೆಗೆ ಬರಬಹುದೆಂಬ ಲೆಕ್ಕವು ಹಳ್ಳಿಹಳ್ಳಿಯಲ್ಲಿಯೂ ಇದ್ದಿತು. ಒಬ್ಬನು ಪಡಸಾಲೆಯವರೆಗೆ, ಒಬ್ಬನು ಕಟ್ಟೆಯವರೆಗೆ, ಇನ್ನೊಬ್ಬನು ಅಂಗಳದಲ್ಲಿಯೇ. ಆ ಮನೆಯ ಹೊಲವನ್ನು ಉತ್ತವನು, ಆ ಜಗಲಿಯ ಕಲ್ಲನ್ನು ಹೊತ್ತು ತಂದವನು, ಅದರ ಮೇಲೆ ಕುಳ್ಳಿರದೆ ಬಿಸಿಲಿನಲ್ಲಿ ನಿಂತು ಬೊಗಸೆಗೆ ನೀರು ಹೊಯ್ಯಿಸಿಕೊಳ್ಳುತ್ತಿದ್ದನು. ಮನೆಯ ಹೆಣ್ಣುಮಕ್ಕಳು ಸಹ ಗಂಡಸರಿದ್ದಾಗ ಜಗಲಿಗೆ ಬರಬಾರದೆಂಬ ಕಟ್ಟಳೆಯು ಎಷ್ಟೋ ಕಡೆಗಳಲ್ಲಿದ್ದಿತು. ದಿನವೂ ಅದನ್ನು ಸಾರಿಸುವವರು ಅವರೇ, ಅದರ ಮೇಲೆ ಕುಳ್ಳಿರುವವರು ಅವರಲ್ಲ. ಪರರಿಗೆಂದು ಎತ್ತಿಟ್ಟ ಪಾಲಿನಲ್ಲಿ ಕೆಲವರನ್ನು ಪರರೆಂದು ಸಹ ಎಣಿಸದಿದ್ದರೆ ಆ ದಾನವು ದಾನವಾಗುವುದೆಂತು?

ಈ ದೋಷವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ನೆರೆಯ ತಿರುವಾಂಕೂರಿನ ವೈಕಂ ಒಂದು ಉದಾಹರಣೆ. ಅಲ್ಲಿಯ ಶಿವಾಲಯದ ಸುತ್ತಣ ಬೀದಿಗಳಲ್ಲಿ ನಡೆಯುವುದಕ್ಕೆ ಅವರ್ಣೀಯರಿಗೆ ಅವಕಾಶವಿರಲಿಲ್ಲ. ೧೯೨೪ರ ಮಾರ್ಚಿಯಲ್ಲಿ ಇದನ್ನು ಕುರಿತು ಸತ್ಯಾಗ್ರಹವು ಮೊದಲಾಯಿತು. ೧೯೨೫ರ ಮಾರ್ಚಿಯಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಹೋಗಿ, ಸಂಪ್ರದಾಯಸ್ಥರ ಮುಖಂಡನೊಬ್ಬನ ಮನೆಯಲ್ಲಿ ಅವನೊಡನೆ ಸಂವಾದ ನಡೆಸಿದರು. ಆ ಗೃಹಸ್ಥನು ವೈಶ್ಯಕುಲದವರಾದ ಗಾಂಧಿಯವರನ್ನು ಒಳಕ್ಕೆ ಕರೆಯದೆ ಮನೆಯ ಹೊರಗಣ ಮಂಟಪದಲ್ಲಿಯೇ ಕುಳ್ಳಿರಿಸಿ ಮಾತಾಡಿದನು. ಮುಂದೆ ೧೯೩೬ರ ನವೆಂಬರ ೧೨ರಂದು ತಿರುವಾಂಕೂರಿನ ಮಹಾರಾಜರು ದೇವಾಲಯಪ್ರವೇಶದ ಘೋಷಣೆಯನ್ನು ಹೊರಡಿಸಿದರು. ೧೯೫೦ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಿತು. ಗಾಂಧಿಯವರನ್ನು ಹೊರಗೆ ಕುಳ್ಳಿರಿಸಿದ ಆ ಮನೆಯು ತರುವಾಯ ಕಳ್ಳು ಇಳಿಸುವ ಕಾರ್ಮಿಕರ ಸಂಘದ ಕಚೇರಿಯಾಯಿತು. ಯಾರನ್ನು ಬೀದಿಯಿಂದಲೇ ಅಟ್ಟಿದ್ದರೋ ಅವರು ಒಳಗೆ ಕುಳಿತರು. ಜಗಲಿಯಲ್ಲಿ ಎಳೆದ ಗೆರೆಯು ಶಾಶ್ವತವೆಂದು ತಿಳಿದವರಿಗೆ ಕಾಲವು ಹೇಳಿದ ಉತ್ತರವಿದು.

ಆದರೆ ಈ ಗೆರೆಯನ್ನು ಅಳಿಸಬೇಕೆಂಬ ವಿಚಾರವು ಕನ್ನಡನಾಡಿಗೆ ಹೊಸದಾಗಿ ಬಂದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಸೇರಿದ ಸ್ಥಳವನ್ನು ಪರಂಪರೆಯು ಅನುಭವಮಂಟಪವೆಂದು ಕರೆಯುತ್ತ ಬಂದಿರುವುದು. ಅದಕ್ಕೆ ಅರಮನೆಯೆಂದಾಗಲಿ ಗರ್ಭಗೃಹವೆಂದಾಗಲಿ ಹೆಸರಾಗದೆ ಮಂಟಪವೆಂದಾದುದು ಆಲೋಚಿಸತಕ್ಕ ವಿಷಯ. ಮಡಿವಾಳ ಮಾಚಯ್ಯನು, ಅಂಬಿಗರ ಚೌಡಯ್ಯನು, ಸಮಗಾರ ಹರಳಯ್ಯನು, ಆಯ್ದಕ್ಕಿ ಲಕ್ಕಮ್ಮನು, ಅಕ್ಕಮಹಾದೇವಿಯು ಅಲ್ಲಿ ಪ್ರಭುದೇವರ ಸಮ್ಮುಖದಲ್ಲಿ ಸಮಾನರಾಗಿ ಕುಳಿತರೆಂದು ಹಿರಿಯರು ಹೇಳುವರು. ಒಬ್ಬೊಬ್ಬರಿಗೆ ಒಂದೊಂದು ಮೆಟ್ಟಿಲೆಂಬ ಲೆಕ್ಕವನ್ನು ಬಿಟ್ಟು ಎಲ್ಲರಿಗೂ ಒಂದೇ ಹಾಸು ಹಾಸಿದುದೇ ಆ ಮಂಟಪದ ವಿಶೇಷ. ಅದರ ಕಂಬಗಳೆಷ್ಟು, ಮಾಡು ಎಂತಹದು ಎಂಬುದಕ್ಕಿಂತ ಈ ಹಾಸೇ ಮುಖ್ಯವಾದುದು. ಆ ಪರಂಪರೆಯನ್ನು ಹೇಳಿಕೊಳ್ಳುವ ಯಾವ ಮಠದ ಜಗಲಿಯಲ್ಲಿಯಾದರೂ ಒಬ್ಬ ಮನುಷ್ಯನು ಹಿಂಜರಿದು ಕೆಳಗೆ ನಿಂತರೆ, ಒಳಗೆ ನಡೆಯುವ ಪೂಜೆಗೆ ಅಷ್ಟರಮಟ್ಟಿಗೆ ಲೋಪ ಬಂದಿತೆಂದೇ ತಿಳಿಯತಕ್ಕದ್ದು.

ಇಂದಿನ ಸ್ಥಿತಿಯನ್ನು ನೋಡಿದರೆ ಬೇರೊಂದು ಅಪಾಯವು ಕಾಣುವುದು. ಗೆರೆಯನ್ನು ಅಳಿಸುವುದಕ್ಕೆ ಬದಲಾಗಿ ಜಗಲಿಯನ್ನೇ ಅಳಿಸುತ್ತಿರುವರು. ಪಟ್ಟಣಗಳಲ್ಲಿ ನಿವೇಶನಗಳು ಕಿರಿದಾದುವು, ನೆಲಕ್ಕೆ ಬೆಲೆಯೇರಿತು. ಮನೆಯ ಮುಂದಣ ಸ್ಥಳವು ವಾಹನಕ್ಕೆ ಮೀಸಲಾಗಿ ಪೋರ್ಟಿಕೋ ಎನಿಸಿಕೊಂಡಿತು. ಉಳಿದ ಎರಡು ಮೊಳದ ಜಗಲಿಗೂ ಕಬ್ಬಿಣದ ಸರಳುಗಳನ್ನು ಜೋಡಿಸಿ ಬೀಗ ಹಾಕುವರು. ಹಳ್ಳಿಗಳಲ್ಲಿಯೂ ಹಳೆಯ ಮನೆಯನ್ನು ಕೆಡವಿ ಕಾಂಕ್ರೀಟಿನಿಂದ ಕಟ್ಟುವಾಗ ಮೊದಲು ಹೋಗುವುದು ಕಟ್ಟೆಯೇ. ಬಂದವನು ಗುಂಡಿಯನ್ನೊತ್ತಿ ನಿಲ್ಲಬೇಕು. ಒಳಗಿನವರು ಕಿಂಡಿಯಲ್ಲಿ ನೋಡಿ, ಬೇಕಾದವನಾದರೆ ತೆರೆಯುವರು. ಹೀಗಾದುದರಿಂದ ಕೀಳೆನಿಸಿಕೊಂಡವನನ್ನು ಕೆಳಗೆ ನಿಲ್ಲಿಸುವ ದೋಷವು ಹೋಯಿತೆಂದು ಕೆಲವರು ಸಮಾಧಾನಪಡುವರು. ಆದರೆ ಎಲ್ಲರನ್ನೂ ಹೊರಗೆ ನಿಲ್ಲಿಸುವುದರಿಂದ ಸಮತೆಯು ಸಿದ್ಧಿಸಿತೆನ್ನುವುದು, ಯಾರಿಗೂ ಅನ್ನ ಹಾಕದವನು ಪಂಕ್ತಿಭೇದ ಮಾಡಲಿಲ್ಲವೆಂದು ಹೇಳಿಕೊಂಡಂತೆಯೇ ಸರಿ.

ಕಳ್ಳಕಾಕರ ಭಯವಿದೆಯಲ್ಲವೇ ಎಂದು ಗೃಹಸ್ಥರು ಕೇಳುವರು. ಆ ಭಯವನ್ನು ಹಗುರಾಗಿ ಎಣಿಸತಕ್ಕುದಲ್ಲ. ಆದರೆ ಬೀದಿಯುದ್ದಕ್ಕೂ ಜಗಲಿಗಳಲ್ಲಿ ಮುದುಕರು ಕುಳಿತು, ಮಕ್ಕಳು ಆಡುತ್ತ, ಹೆಂಗಸರು ಅಕ್ಕಿ ಆರಿಸುತ್ತ ಇದ್ದಾಗ ಅಪರಿಚಿತನ ನಡೆಯನ್ನು ಇಪ್ಪತ್ತು ಕಣ್ಣುಗಳು ನೋಡುತ್ತಿದ್ದುವು. ಸಂಬಳವಿಲ್ಲದ ಆ ಕಾವಲನ್ನು ತೆಗೆದುಹಾಕಿ ಸರಳುಗಳನ್ನು ಜೋಡಿಸಿದ ಮೇಲೆ, ಪಕ್ಕದ ಮನೆಯಲ್ಲಿ ಏನಾದರೂ ಕೇಳುವವರಿಲ್ಲದಂತಾಯಿತು. ಒಬ್ಬಂಟಿಗರಾದ ವೃದ್ಧರು ಒಳಗೆ ಕಾಯಿಲೆ ಬಿದ್ದರೆ ನೆರೆಯವರಿಗೆ ತಿಳಿಯುವುದು ಎರಡು ದಿನ ಕಳೆದ ಮೇಲೆ. ಬೇಲೂರಿನ ಮಂಟಪದಲ್ಲಾದಂತೆ ಇಲ್ಲಿಯೂ ಭದ್ರತೆಯೊಡನೆ ಕತ್ತಲೆಯೂ ಒಳಬಂದಿತು. ಅಲ್ಲಿಯಾದರೂ ಜಾಲಂಧ್ರದ ಕಲೆಯೊಂದು ಲಾಭವಾಯಿತು. ಇಲ್ಲಿ ಆ ಲಾಭವೂ ಇಲ್ಲ.

ಹಾಗಾದರೆ ಮಾಡತಕ್ಕುದೇನು? ಎಲ್ಲರೂ ತೊಟ್ಟಿಮನೆಗಳನ್ನು ಕಟ್ಟಿಸಿರೆಂದು ಹೇಳುವುದು ವ್ಯರ್ಥ. ಆದರೆ ಹೊಸ ಮನೆಯನ್ನು ಕಟ್ಟುವವನು ಬಾಗಿಲ ಹೊರಗೆ, ಬೀಗದ ಆಚೆಗೆ, ಇಬ್ಬರು ಕುಳ್ಳಿರುವಷ್ಟು ಒಂದು ಕಲ್ಲನ್ನು ಹಾಕಿಸಬಹುದು. ಅದರ ಮೇಲೆ ಒಂದು ಮೊಳ ನೆರಳನ್ನು ಚಾಚಬಹುದು. ಬೇಸಗೆಯಲ್ಲಿ ಅಲ್ಲಿ ಒಂದು ಮಡಕೆ ನೀರನ್ನಿಡಬಹುದು. ಮನೆಮನೆಗೆ ಸಾಮಾನು ಹೊತ್ತು ತರುವ ಹುಡುಗನು, ಬೀದಿ ಗುಡಿಸುವವಳು, ಅಂಚೆಯವನು ಅದರ ಮೇಲೆ ಕುಳಿತು ಆ ನೀರನ್ನು ಕುಡಿಯುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳದಂತಿರಬೇಕು. ಹೊಸದಾಗಿ ಕಟ್ಟುವ ಗುಡಿ, ಕಲ್ಯಾಣಮಂಟಪ, ಪಾಠಶಾಲೆಗಳಲ್ಲಿಯೂ ಅಮೃತಶಿಲೆಯ ನೆಲಕ್ಕೆ ವೆಚ್ಚ ಮಾಡುವ ಹಣದಲ್ಲಿ ಒಂದು ಅಂಶವನ್ನು ಮುಂದಣ ನೆರಳಿಗೂ ಒರಗುವ ಆಸನಕ್ಕೂ ತೆಗೆದಿಡಬೇಕು. ಐಹೊಳೆಯ ಶಿಲ್ಪಿಯು ಸಾವಿರದ ಇನ್ನೂರು ವರ್ಷಗಳ ಹಿಂದೆ ನೆನೆದ ದಣಿವನ್ನು ಇಂದಿನ ಶಿಲ್ಪಿಯು ಮರೆಯಬಾರದು.

ಮಠಗಳ ವಿಷಯದಲ್ಲಿ ಈ ಕರ್ತವ್ಯವು ಇನ್ನೂ ದೊಡ್ಡದು. ಮಠಕ್ಕೆ ಎಷ್ಟು ಅಂತಸ್ತುಗಳು ಏರಿದುವು, ಎಷ್ಟು ಸಂಸ್ಥೆಗಳು ಹುಟ್ಟಿದುವು ಎಂಬುದನ್ನು ಉತ್ಸವಕಾಲದಲ್ಲಿ ಲೆಕ್ಕ ಹಾಕುವುದು ಯುಕ್ತವೇ. ಅದರೊಡನೆ, ರಾತ್ರಿ ಬಂದ ಬಡ ಪಥಿಕನಿಗೆ ಪಡಸಾಲೆಯಲ್ಲಿ ಮಲಗುವುದಕ್ಕೆ ಸ್ಥಳವಿದೆಯೇ, ಊರಿನ ಬಡ ಹುಡುಗನು ಅಲ್ಲಿಯ ದೀಪದ ಕೆಳಗೆ ಕುಳಿತು ಓದಬಲ್ಲನೇ, ಯಾವ ಕೇರಿಯಿಂದ ಬಂದವನಾದರೂ ಅಳುಕದೆ ಮೆಟ್ಟಿಲನ್ನು ಏರುವನೇ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳತಕ್ಕದ್ದು. ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಮಠದ ಮುಖವು ಪ್ರಸನ್ನವಾಗಿರುವುದೆಂದು ತಿಳಿಯಬೇಕು; ಒಂದಕ್ಕಾದರೂ ಇಲ್ಲವೆಂದಾದರೆ ಶಿಖರದ ಕಳಸಕ್ಕೆ ಚಿನ್ನದ ನೀರು ಕೊಡಿಸುವ ಮುನ್ನ ಜಗಲಿಯನ್ನು ಸರಿಪಡಿಸುವುದು ಮೇಲು. ಭಕ್ತರಾದವರು ತಮ್ಮ ತಮ್ಮ ಮನೆಗಳಲ್ಲಿ ಇದೇ ಪರೀಕ್ಷೆಯನ್ನು ಮಾಡಿಕೊಂಡರೆ ಉತ್ಸವವು ನಿಜವಾಗಿಯೂ ಸಾರ್ಥಕವಾಗುವುದು.

ಹೊಸ್ತಿಲ ಮೇಲಿಟ್ಟ ದೀಪಕ್ಕೆ ಎರಡು ಕಡೆಯೂ ತೆರೆದಿರಬೇಕು. ಹೊರಗಣ ಕದವನ್ನು ಹಾಕಿದರೆ ಬೀದಿಗೆ ಕತ್ತಲೆಯಾಗುವುದು. ಆ ಕತ್ತಲೆಯಲ್ಲಿಯೇ ಮನೆಯವನೂ ನಾಳೆ ನಡೆದು ಬರಬೇಕಾಗಿರುವುದು. ಆದುದರಿಂದ ಜಗಲಿಯನ್ನು ಉಳಿಸಿರಿ, ಅದರ ಮೆಟ್ಟಿಲುಗಳ ಲೆಕ್ಕವನ್ನು ಅಳಿಸಿರಿ ಎಂಬುದೇ ಈ ಉಪನ್ಯಾಸದ ಸಾರವು.

ಸರ್ವೇಷಾಂ ಮಂಗಲಂ ಭೂಯಾತ್.